ಅಪ್ಪನನ್ನು ನೋಡಿದ ಲೆನ್ಸ್

ಮುಧೋಳ
೪ ಜೂನ್ ೨೦೧೨

ಮುತ್ತಪ್ಪನವರಿಗೆ,

ನಾನು ನಿಮಗೆ ಪರಿಚಯದವನಲ್ಲ. ಜಮಖಂಡಿಯ ಫೋಟೋ ಸ್ಟುಡಿಯೋದ ಚನಮಲ್ಲಪ್ಪ ನಿಮ್ಮ ವಿಳಾಸ ಕೊಟ್ಟರು. "ಕೊಲ್ಲಾಪುರದಾಗ ಒಬ್ರು ಅದಾರ, ನಮ್ಮ ರಬಕವಿ ಕಡೆಯವರ. ಹಳೇ ಡಿಜಿಟಲ್ ಕ್ಯಾಮೆರಾ ಬೇಕಂದ್ರ ಅವರ ಹತ್ರನ ಸಿಗತಾವು. ಆದರ ಫೋನ್ ಮಾಡಬ್ಯಾಡ್ರಿ, ಕಾಗದಾ ಬರೀರಿ" ಎಂದರು. ಯಾಕೆ ಎಂದು ಕೇಳಿದರೆ ನಕ್ಕುಬಿಟ್ಟರು. ಅದಕ್ಕೇ ಈ ಕಾಗದ.

ನನ್ನ ಹೆಸರು ಶಿವಪುತ್ರ. ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಕೆಮಿಸ್ಟ್. ಹನ್ನೆರಡು ವರ್ಷದ ಹಿಂದೆ ಬೆಳಗಾವಿಯಲ್ಲಿ ಒಂದು ಹಳೆಯ ರಷ್ಯನ್ ಝೆನಿಟ್ ಕ್ಯಾಮೆರಾ ಕೊಂಡಿದ್ದೆ. ಈಗ ಅದರ ಶಟರಿನ ಬಟ್ಟೆ ಹರಿದಿದೆ. ರೀಲು ತೊಳೆಯುವವರೂ ಈ ಕಡೆ ಉಳಿದಿಲ್ಲ. ಆದರೆ ಅದರ ಲೆನ್ಸು ಮಾತ್ರ ಗಟ್ಟಿಮುಟ್ಟಾಗಿದೆ. ಡಬ್ಬಿಯ ಮುಚ್ಚಳದ ಹಾಗೆ ತಿರುಗಿಸಿ ಕೂರಿಸುವ ಲೆನ್ಸು. ಇದನ್ನು ಹಾಕಲು ಬರುವಂಥ ಹಳೆಯ ಡಿಜಿಟಲ್ ಕ್ಯಾಮೆರಾದ ಬಾಡಿ ಒಂದು ನನಗೆ ಬೇಕು.

ಮೊಬೈಲಿನಲ್ಲೇ ತೆಗೆದರಾಗದೇ ಎಂದು ಚನಮಲ್ಲಪ್ಪ ಕೇಳಿದರು. ಆಗುವುದಿಲ್ಲ. ನನ್ನ ತಾಯಿ ಮಾಯವ್ವನಿಗೆ ಅವಳದೊಂದು ಫೋಟೋ ಬೇಕಾಗಿದೆ. ಗೋಡೆಯ ಮೇಲಿರುವ ನಮ್ಮಪ್ಪನ ಫೋಟೋ ಇದೇ ಲೆನ್ಸಿನಲ್ಲಿ ತೆಗೆದದ್ದು. "ನಿಮ್ಮಪ್ಪನ್ನ ನೋಡಿದ ಕಣ್ಣು ಐತೆಲ್ಲಾ, ಅದ ಕಣ್ಣು ನನ್ನೂ ನೋಡ್ಲಿ. ಬ್ಯಾರೇದು ನನಗ ಬ್ಯಾಡ" ಎನ್ನುತ್ತಾಳೆ. ಎರಡು ವರ್ಷದಿಂದ ಇದೇ ಪಾಠ.

ಬೇಗ ಉತ್ತರಿಸಿದರೆ ಉಪಕಾರವಾಗುತ್ತದೆ.

ಶಿವಪುತ್ರ


ಕೊಲ್ಲಾಪುರ
೯ ಜೂನ್ ೨೦೧೨

ಶಿವಪುತ್ರ ಅವರೆ,

ಚನಮಲ್ಲಪ್ಪ ನಕ್ಕದ್ದು ಯಾಕೆಂದರೆ ನನಗೆ ಕಿವಿ ಕೇಳುವುದಿಲ್ಲ. ಬನಹಟ್ಟಿಯ ಪಾವರ್‌ಲೂಮ್ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ ಸೀರೆ ನೇಯ್ದೆ. ಆ ಮಗ್ಗಗಳು ನನಗೆ ಅನ್ನ ಹಾಕಿ ಕಿವಿ ತೆಗೆದುಕೊಂಡವು. ಎದುರಿಗಿದ್ದರೆ ತುಟಿ ನೋಡಿ ಮಾತು ಹಿಡಿಯುತ್ತೇನೆ. ಫೋನಿನಲ್ಲಿ ತುಟಿ ಎಲ್ಲಿ? ಬರೀ "ಹೌದ್ರಿ, ಹೌದ್ರಿ" ಎನ್ನುತ್ತೇನೆ, ಆಮೇಲೆ ಯಾವುದಕ್ಕೆ ಹೌದು ಎಂದೆನೋ ಗೊತ್ತಾಗದೆ ಒದ್ದಾಡುತ್ತೇನೆ. ಹಾಗೆ ಒಮ್ಮೆ ಒಂದೇ ಕ್ಯಾಮೆರಾವನ್ನು ಇಬ್ಬರಿಗೆ ಮಾರಿದ್ದೆ.

ನಿಮ್ಮದು ತಿರುಪಿನ ಲೆನ್ಸು. ನಡುವೆ ಒಂದು ಲೋಹದ ಬಳೆ ಹಾಕಿದರೆ ಡಿಜಿಟಲ್ ಬಾಡಿಗೂ ಕೂರುತ್ತದೆ. ಹೊಸ ಬಾಡಿಯ ಗೋಜಿಗೆ ಹೋಗಬೇಡಿ. ಹತ್ತು ವರ್ಷದ ಹಿಂದಿನ ಆರು ಮೆಗಾಪಿಕ್ಸೆಲ್ಲಿನವು ನನ್ನಲ್ಲಿವೆ. ಜನ ಕೈಬಿಟ್ಟರೆಂದು ಅವು ಕೆಟ್ಟವಲ್ಲ. ಚರ್ಮದ ಬಣ್ಣ ಹಿಡಿಯುವುದರಲ್ಲಿ ಈಗಿನವು ಅವುಗಳ ಹತ್ತಿರ ಸುಳಿಯವು ಎಂಬುದು ನನ್ನ ಹಟ. ಒಪ್ಪಲೇಬೇಕೆಂದಿಲ್ಲ.

ಒಂದು ಮಾತು ಸರಿಯಾಗಿ ಹೇಳಿ. ತೆಗೆಯುವುದು ಮುಖವೋ, ಹೊಳೆ ಗುಡ್ಡವೋ? ಮುಖಕ್ಕೆ ಒಂದು ಬಾಡಿ, ದೂರದ್ದಕ್ಕೆ ಬೇರೆ ಬಾಡಿ. ಯಾಕೆಂಬುದನ್ನು ಆಮೇಲೆ ಹೇಳುತ್ತೇನೆ.

ಮುತ್ತಪ್ಪ


ಮುಧೋಳ
೧೩ ಜೂನ್ ೨೦೧೨

ಮುತ್ತಪ್ಪನವರೆ,

ಮುಖಕ್ಕೆ. ನಿಮ್ಮ ಕಾಗದ ಬಂದಾಗ ಅವ್ವ ಪಕ್ಕದಲ್ಲೇ ಕೂತಿದ್ದಳು. ಓದಿ ಹೇಳಿದೆ. "ಮುಖಕ್ಕs ಅಂತ ಬರಿ, ದೊಡ್ಡ ಅಕ್ಷರದಾಗ ಬರಿ" ಎಂದಳು.

ಒಂದೇ ಚಿಂತೆ. ನಾವು ಕುರಿ ಕಾಯುವ ಮನೆತನದವರು, ಬೀರೇಶ್ವರನ ಒಕ್ಕಲು. ಮನೆಗೆ ಏನೇ ಹೊಸದು ಬರಲಿ, ಅವ್ವ ಮೊದಲು ಭಂಡಾರ ಹಚ್ಚುತ್ತಾಳೆ. ಬೀರಪ್ಪನ ಗುಡಿಯ ಆ ಅರಿಸಿನದ ಪುಡಿ ಅವಳ ಸೊಂಟದ ಚೀಲದಲ್ಲಿ ಯಾವಾಗಲೂ ಇರುತ್ತದೆ. ಹೋದ ವರ್ಷ ಫ್ರಿಜ್ಜು ತಂದಾಗ ಬಾಗಿಲು ತೆಗೆದು ಒಳಗಿನ ಬಲ್ಬಿಗೇ ಬಳಿದಳು. ನನ್ನ ಹೆಂಡತಿ ಪೂನಮ್ ಕೇಳಿದರೆ, "ಹೊರಗ ಹಚ್ಚಿ ಏನ ಮಾಡೂದವ್ವಾ? ಕೆಲಸಾ ಮಾಡೂದು ಒಳಗಿಂದು" ಎಂದಳು. ಕ್ಯಾಮೆರಾ ಮುಟ್ಟಕೂಡದೆಂದು ಈಗಲೇ ಕರಾರು ಮಾಡಿಕೊಂಡಿದ್ದೇನೆ. "ಮುಟ್ಟೂದಿಲ್ಲ ಬಿಡೋ ಮಾರಾಯಾ" ಎಂದಿದ್ದಾಳೆ.

ಚನಮಲ್ಲಪ್ಪ ಹೇಳಿದಷ್ಟು ಹಣ ಮನಿಆರ್ಡರ್ ಮಾಡಿದ್ದೇನೆ. ಬೇಗ ಕಳಿಸಿ. ಯಾಕೋ ಕೈ ಕಾಲು ನಿಲ್ಲುತ್ತಿಲ್ಲ.

ಶಿವಪುತ್ರ


ಕೊಲ್ಲಾಪುರ
೨೦ ಜೂನ್ ೨೦೧೨

ಶಿವಪುತ್ರ ಅವರೆ,

ಪಾರ್ಸಲ್ಲಿನಲ್ಲಿ ಒಂದು ನಿಕಾನ್ ಡಿ-೭೦ ಬಾಡಿ, ಲೆನ್ಸಿಗೆ ಬಳೆ, ಎರಡು ಬ್ಯಾಟರಿ, ಒಂದು ಸಣ್ಣ ಕಾರ್ಡು ಇವೆ. ಕಾರ್ಡಿನಲ್ಲಿರುವುದು ನನ್ನ ಪರೀಕ್ಷೆಯ ಚಿತ್ರಗಳು, ನಮ್ಮ ಓಣಿಯ ಗೋಡೆ. ಅದರಲ್ಲಿ ಜಾಗ ಕಡಿಮೆ, ನಿಮ್ಮದೊಂದು ದೊಡ್ಡ ಕಾರ್ಡು ಕೊಂಡು ಹಾಕಿಕೊಳ್ಳಿ. ತಾರೀಖು, ಗಡಿಯಾರ ಸರಿಯಾಗಿ ಕೂರಿಸಿದ್ದೇನೆ. ತಾರೀಖು ಕೂರಿಸದೆ ನಾನು ಯಾವ ಕ್ಯಾಮೆರಾವನ್ನೂ ಹೊಸಿಲು ದಾಟಿಸುವುದಿಲ್ಲ.

ಹಳೆಯ ಲೆನ್ಸು, ಬಾಡಿಗೆ ಅದರ ಗುರುತು ಹತ್ತುವುದಿಲ್ಲ. ಎಲ್ಲ ನೀವೇ ಮಾಡಬೇಕು. ಚಕ್ರವನ್ನು ಎಂ ಎಂಬ ಅಕ್ಷರಕ್ಕೆ ತಿರುಗಿಸಿ. ಬಾಗಿಲ ಬೆಳಕಿನಲ್ಲಿ ಕೂತ ಮುಖಕ್ಕೆ ಐಎಸ್‌ಓ ನಾನೂರು, ಶಟರು ಅರವತ್ತು, ಲೆನ್ಸಿನ ಬಾಯಿ ಪೂರ್ತಿ ತೆರೆದು ಎರಡಕ್ಕೆ ಇಡಿ. ಅಷ್ಟು ಮಾಡಿಟ್ಟರೆ ಗುಂಡಿ ಒತ್ತುವುದು ಯಾರಿಗೂ ಬರುತ್ತದೆ.

ನನ್ನ ಹೆಂಡತಿ ತಾರವ್ವ ಪಾರ್ಸಲ್ಲು ಹೊಲಿಯುತ್ತಾ ನನ್ನ ಮುಂದೆ ಬಂದು ನಿಂತು, ತುಟಿ ಬಿಡಿಸಿ ಬಿಡಿಸಿ ಹೇಳಿದಳು: "ಮಂದೀ ಕ್ಯಾಮೆರಾ ಎಲ್ಲಾ ದುರಸ್ತಿ ಮಾಡ್ತೀರಿ. ನಮ್ಮಿಬ್ಬರದೊಂದು ಫೋಟೋ ಮನ್ಯಾಗಿಲ್ಲ." ಕೇಳಿಸಲಿಲ್ಲವೆಂದು ನಾಟಕ ಮಾಡಿದೆ. ಕಿವುಡನಾಗಿರುವುದಕ್ಕೆ ಅಷ್ಟಾದರೂ ಲಾಭ ಬೇಡವೇ?

ನಿಮ್ಮ ತಾಯಿಯವರ ಫೋಟೋ ಆದ ಮೇಲೆ ಒಂದು ಪ್ರತಿ ನನಗೂ ಕಳಿಸಿ.

ಮುತ್ತಪ್ಪ


ಮುಧೋಳ
೧೦ ಜುಲೈ ೨೦೧೨

ಮುತ್ತಪ್ಪನವರೆ,

ಕಹಿ ಬರೆಯಬೇಕಾಗಿದೆ, ಬೇಸರ ಮಾಡಿಕೊಳ್ಳಬೇಡಿ.

ಪಾರ್ಸಲ್ ಜೂನ್ ೨೫ರ ಬೆಳಿಗ್ಗೆ ಬಂತು. ನೀವು ಬರೆದ ಹಾಗೆ ಚಕ್ರ ತಿರುಗಿಸಿ, ಲೆನ್ಸು ಹಾಕಿ, ಎಲ್ಲ ಸಿದ್ಧ ಮಾಡಿಟ್ಟೆ. ಅವ್ವ ಬೇರೆ ಸೀರೆ ಉಟ್ಟು ಬಾಗಿಲಲ್ಲಿ ಬಂದು ಕೂತಿದ್ದಳು. ಅಷ್ಟರಲ್ಲಿ ಕಾರ್ಖಾನೆಯ ಬಸ್ಸು ಹಾರ್ನ್ ಹಾಕಿತು. ಸಂಜೆ ತೆಗೆಯೋಣ ಎಂದು ಹೋದೆ. ಸಂಜೆ ಬೆಳಕಿರಲಿಲ್ಲ. ಮರುದಿನ ದೊಡ್ಡ ಕಾರ್ಡು ತರಲು ಜಮಖಂಡಿಗೆ ಹೋದವನು, ಮೊದಲು ಹೊರಗೆ ನಾಲ್ಕು ಚಿತ್ರ ತೆಗೆದು ಕೈ ಪಳಗಿಸಿಕೊಳ್ಳೋಣವೆಂದು ಚಿಕ್ಕಪಡಸಲಗಿಯ ಬ್ಯಾರೇಜಿಗೆ ಹೋದೆ.

ಹೊಳೆ ಪೂರ್ತಿ ಮಸುಕು. ರೈತರು ತಾವೇ ಕಟ್ಟಿಕೊಂಡ ಅಷ್ಟು ಉದ್ದದ ಬ್ಯಾರೇಜು ಮಂಜಿನ ಗೆರೆಯಂತೆ ಬಂದಿದೆ. ಲೆನ್ಸು ಎಷ್ಟು ತಿರುಗಿಸಿದರೂ ದೂರದ್ದು ಸ್ಪಷ್ಟವಾಗುವುದಿಲ್ಲ. ಅದೂ ಹೋಗಲಿ, ಆಕಾಶದ ತುಂಬ ಕಪ್ಪು ಚುಕ್ಕೆಗಳು. ಲೆನ್ಸು ತೆಗೆದು ಒಳಗೆ ನೋಡಿದೆ. ಕನ್ನಡಿಯ ಸುತ್ತ ಹಳದಿ ಪುಡಿ ಕೂತಿದೆ. ಹಳೆಯ ಕ್ಯಾಮೆರಾಗಳಲ್ಲಿ ಸ್ಪಂಜಿನ ಪಟ್ಟಿ ಕೊಳೆತು ಪುಡಿಯಾಗಿ ಉದುರುತ್ತದೆಂದು ಓದಿದ್ದೇನೆ. ನೀವು ಅದನ್ನು ನೋಡದೆ ಕಳಿಸಿದಿರಾ, ನೋಡಿಯೂ ಕಳಿಸಿದಿರಾ?

ಶಿವಪುತ್ರ


ಕೊಲ್ಲಾಪುರ
೧೬ ಜುಲೈ ೨೦೧೨

ಶಿವಪುತ್ರ ಅವರೆ,

ಮೊದಲನೆಯದು. ಮುಖವೋ ಹೊಳೆಯೋ ಎಂದು ಕೇಳಿದೆ. ಮುಖ ಎಂದಿರಿ, ಅದೂ ದೊಡ್ಡ ಅಕ್ಷರದಲ್ಲಿ. ಈ ಬಾಡಿಗೆ ಬಳೆ ಹಾಕಿದಾಗ ಲೆನ್ಸು ಒಂದಿಷ್ಟು ಮುಂದೆ ಕೂರುತ್ತದೆ. ಆಗ ಅದಕ್ಕೆ ಮೂರು ನಾಲ್ಕು ಹೆಜ್ಜೆಯ ಒಳಗಿನದು ಮಾತ್ರ ಕಾಣುತ್ತದೆ, ಆದರೆ ಬಹಳ ಚೆಂದ ಕಾಣುತ್ತದೆ. ಆಚೆಗಿನದೆಲ್ಲ ಮಂಜು. ಮುಖ ತೆಗೆಯುವವರಿಗೆ ಇದು ದೋಷವೇ ಅಲ್ಲ. ಮನೆಯ ಬಾಗಿಲಲ್ಲಿ ಸೀರೆ ಉಟ್ಟು ಕೂತ ತಾಯಿಯನ್ನು ಬಿಟ್ಟು ನೀವು ಚಿಕ್ಕಪಡಸಲಗಿಗೆ ಯಾಕೆ ಹೋದಿರಿ?

ಎರಡನೆಯದು. ಆ ಬಾಡಿಯನ್ನು ನನ್ನ ಕೈಯಾರೆ ಬಿಚ್ಚಿ ಒರೆಸಿದ್ದೇನೆ. ಅದರಲ್ಲಿ ಸ್ಪಂಜು ಕೊಳೆತಿರಲಿಲ್ಲ, ಹಳದಿಯೂ ಇರಲಿಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ರಸ ಬಿಳಿ ಮಾಡಲು ಗಂಧಕ ಸುಡುತ್ತಾರೆಂದು ಕೇಳಿದ್ದೇನೆ. ಗಂಧಕವೂ ಹಳದಿಯೇ. ಕ್ಯಾಮೆರಾವನ್ನು ಅಲ್ಲಿಗೆ ಒಯ್ದು ಬಾಯಿ ತೆರೆದಿಟ್ಟಿರೇನೋ, ನೆನಪು ಮಾಡಿಕೊಳ್ಳಿ.

ವಾಪಸ್ ಕಳಿಸಿ, ನೋಡುತ್ತೇನೆ.

ಮುತ್ತಪ್ಪ


ಮುಧೋಳ
೨೧ ಜುಲೈ ೨೦೧೨

ಮುತ್ತಪ್ಪನವರೆ,

ಜೂನ್ ಜುಲೈಯಲ್ಲಿ ಯಾವ ಕಾರ್ಖಾನೆಯೂ ಕಬ್ಬು ಅರೆಯುವುದಿಲ್ಲ. ಅರೆಯದಿದ್ದ ಮೇಲೆ ಗಂಧಕ ಎಲ್ಲಿಂದ ಬರಬೇಕು? ರಸಾಯನಶಾಸ್ತ್ರ ಓದಿ ಹದಿಮೂರು ವರ್ಷ ಅದರಲ್ಲೇ ಅನ್ನ ತಿನ್ನುವವನಿಗೆ ಗಂಧಕದ ಗುರುತು ಹೇಳಿಕೊಡಬೇಡಿ. ತಪ್ಪು ನಿಮ್ಮದು, ಒಪ್ಪಿಕೊಳ್ಳಲು ಮನಸ್ಸಿಲ್ಲ.

ನಾನು ಯಾವಾಗ ಏನು ತೆಗೆಯಬೇಕೆಂಬುದು ನನ್ನ ಮನೆಯ ಮಾತು.

ನನಗೆ ಬೇರೆ ಬಾಡಿ ಎಲ್ಲಾದರೂ ಸಿಗುತ್ತದೆ. ಇನ್ನು ಬರೆಯುವುದಿಲ್ಲ.

ಶಿವಪುತ್ರ


ಮುಧೋಳ
೧೨ ಡಿಸೆಂಬರ್ ೨೦೧೨

ಮುತ್ತಪ್ಪನವರೆ,

ಬರೆಯುವುದಿಲ್ಲ ಎಂದವನು ಬರೆಯುತ್ತಿದ್ದೇನೆ. ಹರಿದು ಎಸೆಯದೆ ಓದಿ.

ಈ ಐದು ತಿಂಗಳಲ್ಲಿ ಮೂರು ಬಾಡಿ ಕೊಂಡೆ. ಪುಣೆಯಿಂದ ತರಿಸಿದ ಕ್ಯಾನನ್ ದೂರದ್ದನ್ನು ಚೆನ್ನಾಗಿ ಹಿಡಿಯಿತು. ಹಿಪ್ಪರಗಿ ಬ್ಯಾರೇಜಿನ ಬಾಗಿಲುಗಳು, ಆಚೆ ದಂಡೆಯ ಕಬ್ಬು ಎಲ್ಲ ಕಡೆದಿಟ್ಟಂತೆ ಬಂದವು. ಎರಡು ವಾರ ಖುಷಿಯಾಗಿದ್ದೆ. ಆಮೇಲೆ ಬಣ್ಣ ತಣ್ಣಗೆ ಕಂಡಿತು. ಬೆಳಗಾವಿಯಿಂದ ಇನ್ನೊಂದು ತಂದೆ. ಅದರ ಶಟರಿನ ಸದ್ದು ಹಿಡಿಸಲಿಲ್ಲ. ಮೂರನೆಯದು ಯಾಕೆ ಬೇಡವಾಯಿತೋ ನನಗೇ ಹೇಳಲು ಬರುವುದಿಲ್ಲ. ರಜೆ ಸಿಕ್ಕರೆ ಸಾಕು, ಬೈಕು ಹತ್ತುತ್ತೇನೆ. ಬೀಳಗಿ ಕಡೆಯ ಹಿನ್ನೀರಿಗೆ ಏಳು ಸಲ ಹೋಗಿದ್ದೇನೆ. ಮುಳುಗಿದ ನಮ್ಮ ಊರು ಅದರ ಕೆಳಗಿದೆ. ತೆಗೆದು ತಂದ ಚಿತ್ರದಲ್ಲಿ ನೀರು ಬಿಟ್ಟು ಏನೂ ಇರುವುದಿಲ್ಲ. ಮರುವಾರ ಮತ್ತೆ ಹೋಗುತ್ತೇನೆ.

ಅವ್ವ ದಸರೆಯ ಹೊತ್ತಿಗೆ ಬಚ್ಚಲಲ್ಲಿ ಜಾರಿ ಬಿದ್ದಳು. ಎದ್ದು ಓಡಾಡುವುದು ಕಡಿಮೆಯಾಗಿದೆ. ಮೊದಲು ದಿನಾ ಕೇಳುತ್ತಿದ್ದಳು, "ಯಾವಾಗ ತಗೀತಿ ಲೇ?" ಎಂದು. ಈಗ ಕೇಳುವುದಿಲ್ಲ. ಬೈಕಿನ ಕೀಲಿ ಕೈಗೆ ತೆಗೆದುಕೊಂಡರೆ ಸುಮ್ಮನೆ ನೋಡುತ್ತಾಳೆ. ಹೋದ ರವಿವಾರ ಪೂನಮ್ ಬಾಗಿಲಿಗೆ ಅಡ್ಡ ನಿಂತಳು. "ಹೊಳೀ ಎಲ್ಲಿ ಓಡಿಹೊಕ್ಕೈತ್ರಿ? ಅತ್ತೀ ಇಲ್ಲೇ ಕುಂತಾಳ. ಒಂದ ಸಲ ಗುಂಡಿ ಒತ್ತಾಕ ಏನ ಕಷ್ಟ ನಿಮಗ?" ಅಂದಳು. ಕ್ಯಾಮೆರಾ ಸರಿ ಇಲ್ಲ ಎಂದೆ. "ನಾಕು ಕ್ಯಾಮೆರಾದಾಗ ಒಂದೂ ಸರಿ ಇಲ್ಲೇನು?" ಎಂದು ಒಳಗೆ ಹೋದಳು. ಆ ದಿನವೂ ನಾನು ಹಿನ್ನೀರಿಗೆ ಹೋದೆ.

ಇದರ ಜೊತೆ ನಿಮ್ಮ ಡಿ-೭೦ ಕಳಿಸಿದ್ದೇನೆ. ನೀವು ಕೊಟ್ಟ ಸಣ್ಣ ಕಾರ್ಡೂ ಡಬ್ಬಿಯಲ್ಲಿದೆ, ದೊಡ್ಡ ಕಾರ್ಡು ತಂದ ದಿನ ಹೊರಗೆ ತೆಗೆದಿಟ್ಟದ್ದು, ಮತ್ತೆ ಹಾಕಿಲ್ಲ. ಸ್ವಚ್ಛ ಮಾಡಿಕೊಡಿ, ಇಲ್ಲವೇ ಇದರ ಬದಲು ಇನ್ನೂ ಹಳೆಯದೇನಾದರೂ ಇದ್ದರೆ ಕಳಿಸಿ.

ಶಿವಪುತ್ರ


ಕೊಲ್ಲಾಪುರ
೨೦ ಡಿಸೆಂಬರ್ ೨೦೧೨

ಶಿವಪುತ್ರ,

ಪಾರ್ಸಲ್ ಬಂದಿದೆ, ಬಿಚ್ಚಿಲ್ಲ. ಜನವರಿಯಲ್ಲಿ ಬಿಚ್ಚುತ್ತೇನೆ.

ಇನ್ನೂ ಹಳೆಯದನ್ನು ನಾನು ಕಳಿಸುವುದಿಲ್ಲ. ನಿನಗೆ ಬೇಕಾಗಿರುವುದು ಬಾಡಿಯಲ್ಲ. ವಯಸ್ಸಿನಲ್ಲಿ ದೊಡ್ಡವನು, ಏಕವಚನ ಬಂತು, ಇರಲಿ. ಆರು ತಿಂಗಳಲ್ಲಿ ಹೊಳೆ ಬರೆದೆ, ಬ್ಯಾರೇಜು ಬರೆದೆ, ಕಬ್ಬು ಬರೆದೆ. ಅವ್ವನ ಫೋಟೋ ತೆಗೆದೆ ಎಂದು ಒಂದು ಸಾಲು ಬರೆದಿಲ್ಲ. ಎದುರಿಗಿದ್ದಿದ್ದರೆ ನಿನ್ನ ತುಟಿ ನೋಡಿ ಹಿಡಿಯುತ್ತಿದ್ದೆ. ಕಾಗದದಲ್ಲಿ ನೀನೇ ಹೇಳಬೇಕು.

ತೆಗೆಯದೇ ಇರುವುದರ ಹಿಂದೆ ಏನಿದೆ?

ಮುತ್ತಪ್ಪ


ಮುಧೋಳ
೨ ಜನವರಿ ೨೦೧೩

ಮುತ್ತಪ್ಪ ಕಾಕಾ,

ಹೇಳುತ್ತೇನೆ. ಪೂನಮ್‌ಗೂ ಹೇಳಿಲ್ಲ. ನಗಬೇಡಿ.

೨೦೦೦ನೇ ಇಸವಿ, ಮೇ ತಿಂಗಳು. ಹಿನ್ನೀರು ಬರುತ್ತದೆಂದು ನಮ್ಮ ಊರು ಖಾಲಿಯಾಗುತ್ತಿತ್ತು. ಹೊಸ ಮನೆಗೆ ಬೇಕಾಗುತ್ತವೆಂದು ಎಲ್ಲರೂ ಬಾಗಿಲ ಚೌಕಟ್ಟು, ತೊಲೆ, ಜಂತಿ ಬಿಚ್ಚಿ ಟ್ರ್ಯಾಕ್ಟರಿಗೆ ಹೇರುತ್ತಿದ್ದರು. ನಮ್ಮಪ್ಪ ಗಿರಮಲ್ಲಪ್ಪ ಹೆಗಲಿಗೆ ಕಂಬಳಿ ಹಾಕಿಕೊಂಡು ಚೌಕಟ್ಟಿಲ್ಲದ ಬಾಗಿಲಲ್ಲಿ ನಿಂತಿದ್ದ. ನನ್ನ ಕೈಯಲ್ಲಿ ಹೊಸದಾಗಿ ಕೊಂಡ ಝೆನಿಟ್ ಇತ್ತು. "ಅಪ್ಪಾ, ಇತ್ಲಾಗ ನೋಡು" ಎಂದೆ. ನೋಡಿದ. ಅವನ ಜೀವಮಾನದ ಒಂದೇ ಫೋಟೋ ಅದು. ಒಂಬತ್ತನೇ ದಿನ ಹೊಸ ಮನೆಯ ಅಂಗಳದಲ್ಲಿ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ.

ಮೂರನೇ ದಿನದ ಕಾರ್ಯಕ್ಕೆ ಜಮಖಂಡಿಯಿಂದ ಫೋಟೋ ತೊಳೆಸಿ ತಂದೆ. ನಮ್ಮ ಸೋದರತ್ತೆ ಅನಸವ್ವ ಅದನ್ನು ಕೈಗೆ ತೆಗೆದುಕೊಂಡು ಎಲ್ಲರ ಮುಂದೆ ಅಂದಳು: "ಎಷ್ಟ ಖರೆ ಬಂದಾನ ನೋಡ. ಇದ್ದಷ್ಟೂ ಇದರಾಗ ಇಳಿಸಿಬಿಟ್ಟಿ, ಇನ್ನ ಮೈಯಾಗ ಏನ ಉಳೀತೋ ತಮ್ಮಾ?" ಅವಳು ದುಃಖದಲ್ಲಿ ಅಂದಳು, ನನ್ನನ್ನು ಬೈದದ್ದಲ್ಲ. ಆದರೆ ಆ ಮಾತು ನನ್ನೊಳಗೆ ಕೂತುಬಿಟ್ಟಿತು.

ಇದು ಸುಳ್ಳೆಂದು ನನಗೆ ಗೊತ್ತು. ಅಪ್ಪನ ಎದೆಯಲ್ಲಿ ಮೊದಲೇ ತೊಂದರೆಯಿತ್ತು, ಬಿಸಿಲಲ್ಲಿ ತೊಲೆ ಹೊತ್ತಿದ್ದ. ಎಲ್ಲ ಗೊತ್ತು. ಆಗಸ್ಟಿನಲ್ಲಿ ಒಂದು ದಿನ ಧೈರ್ಯ ಮಾಡಿ ಅವ್ವನನ್ನು ಬಾಗಿಲಲ್ಲಿ ಕೂರಿಸಿ ಕಣ್ಣಿಟ್ಟು ನೋಡಿದೆ. ಅದೇ ಲೆನ್ಸಿನಲ್ಲಿ ಅವಳ ಮುಖ ಬಂತು. ಬೆರಳು ಗುಂಡಿಯ ಮೇಲಿದೆ, ಒತ್ತಲಾಗಲಿಲ್ಲ. ಒಂಬತ್ತು ದಿನ, ಒಂಬತ್ತು ದಿನ ಎಂದು ತಲೆಯೊಳಗೆ ಒಂದೇ ಸಮ. ಬ್ಯಾಟರಿ ಹೋಯಿತು ಎಂದು ಸುಳ್ಳು ಹೇಳಿ ಎದ್ದೆ.

ಕಾಕಾ, ನನಗೆ ಅವಳು ಬೇಕು. ಫೋಟೋ ಇಲ್ಲದಿದ್ದರೆ ಬೇಡ, ಅವಳು ಇರಲಿ. ಅದಕ್ಕೇ ಎಲ್ಲ ಬಾಡಿಯಲ್ಲೂ ಒಂದಲ್ಲ ಒಂದು ಕೊರತೆ ಹುಡುಕುತ್ತಿದ್ದೆ.

ಶಿವಪುತ್ರ


ಮುಧೋಳ
೧೬ ಜನವರಿ ೨೦೧೩

ಕಾಕಾ,

ಅವ್ವ ನಿನ್ನೆ ಬೆಳಿಗ್ಗೆ ಹೋದಳು. ಸಂಕ್ರಾಂತಿಯ ಭೋಗಿ ರೊಟ್ಟಿ ಎರಡು ತುತ್ತು ತಿಂದಿದ್ದಳು. ನೋವಿರಲಿಲ್ಲ.

ಫೋಟೋ ಇಲ್ಲ. ಕಾರ್ಯಕ್ಕೆ ಇಡಲು ಬೇಕೆಂದು ಎಲ್ಲರೂ ಕೇಳುತ್ತಿದ್ದಾರೆ. ಮನೆ ತುಂಬ ಕ್ಯಾಮೆರಾ ಇಟ್ಟುಕೊಂಡ ನನ್ನನ್ನೇ ಕೇಳುತ್ತಿದ್ದಾರೆ. ಅವಳ ಮತದಾರರ ಗುರುತಿನ ಚೀಟಿಯ ಮೇಲಿನ ಚಿತ್ರವನ್ನು ಚನಮಲ್ಲಪ್ಪ ದೊಡ್ಡದು ಮಾಡಿಕೊಟ್ಟರು. ಅದು ಯಾರೋ ಬೇರೆ ಮುದುಕಿ. ಪೂನಮ್ ಅದನ್ನು ಗೋಡೆಗೆ ಮುಖ ಮಾಡಿ ಇಟ್ಟಿದ್ದಾಳೆ.

ನಾನು ತೆಗೆಯದಿದ್ದರೂ ಹೋದಳು.

ಆ ಕ್ಯಾಮೆರಾ ವಾಪಸ್ ಕಳಿಸಬೇಡಿ. ಬೇಕಾದವರಿಗೆ ಕೊಟ್ಟುಬಿಡಿ.

ಶಿವಪುತ್ರ


ಕೊಲ್ಲಾಪುರ
೧೭ ಜನವರಿ ೨೦೧೩

ತಮ್ಮಾ ಶಿವಪುತ್ರ,

ನಿನ್ನ ಜನವರಿ ಎರಡರ ಕಾಗದ ಎರಡೆರಡು ಸಲ ಓದಿದೆ. ಆಮೇಲೆ ಕ್ಯಾಮೆರಾ ಬಿಚ್ಚಿದೆ. ಈಗ ಬರೆಯುವುದು ಎಷ್ಟಿದೆಯೆಂದರೆ ಒಂದು ಹಾಳೆ ಸಾಲುವುದಿಲ್ಲ. ಮೊದಲು ಒಂದು ತಪ್ಪೊಪ್ಪಿಗೆ ನನ್ನದೂ ಇದೆ.

ನನ್ನ ಬಲಗೈ ಎರಡು ವರ್ಷದಿಂದ ನಡುಗುತ್ತದೆ. ಯಾರಿಗೂ ಹೇಳಿಲ್ಲ. ಜುಲೈಯಲ್ಲಿ ನಿನ್ನ ಕಾಗದ ಬಂದಾಗ ಮೇಲೆ ಗಂಧಕ ಗಿಂಧಕ ಎಂದು ಬರೆದೆ, ಒಳಗೆ ಮಾತ್ರ ತಪ್ಪು ನನ್ನದೇ ಎಂದು ನಂಬಿದೆ. ಕೈ ನಡುಗಿ ಏನೋ ಚೆಲ್ಲಿರಬೇಕು, ಕಣ್ಣಿಗೂ ಕಾಣಲಿಲ್ಲ, ಇನ್ನು ಸಾಕು ಎಂದುಕೊಂಡೆ. ಅಂಗಡಿಯ ಅರ್ಧ ಸಾಮಾನು ಮಾರಿಯೂ ಬಿಟ್ಟೆ. ನಿನ್ನ ಪಾರ್ಸಲ್ ಇಷ್ಟು ದಿನ ಬಿಚ್ಚದೆ ಇಟ್ಟದ್ದು ಸೋಮಾರಿತನದಿಂದಲ್ಲ, ಅಂಜಿಕೆಯಿಂದ.

ನಿನ್ನೆ ಬಿಚ್ಚಿದೆ. ಹಳದಿ ಪುಡಿಯನ್ನು ಕಡ್ಡಿಯ ತುದಿಗೆ ತೆಗೆದು ಮೂಗಿಗೆ ಹಿಡಿದೆ. ತಾರವ್ವನನ್ನು ಕರೆದೆ. ಅವಳು ಎಲೆಯಡಿಕೆಯ ಸುಣ್ಣದ ಡಬ್ಬಿ ತಂದು ಒಂದು ಹನಿ ಸುಣ್ಣದ ನೀರು ಮುಟ್ಟಿಸಿದಳು. ಕುಂಕುಮದಷ್ಟು ಕೆಂಪಾಯಿತು. ರಸಾಯನಶಾಸ್ತ್ರ ಓದಿದವರೇ, ಇದು ಯಾವ ಗಂಧಕ, ಯಾವ ಸ್ಪಂಜು? ಭಂಡಾರ! ನಿಮ್ಮ ಬೀರಪ್ಪನ ಭಂಡಾರ! ಫ್ರಿಜ್ಜಿನ ಬಲ್ಬಿನ ಕಥೆಯನ್ನು ನೀನೇ ಬರೆದಿದ್ದೆ, ನಾನೂ ಓದಿ ನಕ್ಕಿದ್ದೆ. ಇಬ್ಬರಿಗೂ ಹೊಳೆಯಲಿಲ್ಲವಲ್ಲ. ನೀನು ಬಸ್ಸು ಹತ್ತಿದ ಮೇಲೆ ನಿಮ್ಮವ್ವ ಲೆನ್ಸನ್ನು ಮುಚ್ಚಳದ ಹಾಗೆ ತಿರುಗಿಸಿ ತೆಗೆದು, ಕೆಲಸ ಮಾಡುವ ಜಾಗಕ್ಕೇ ಭಂಡಾರ ಹಚ್ಚಿ, ಮತ್ತೆ ತಿರುಗಿಸಿ ಕೂರಿಸಿದ್ದಾರೆ. ಮುಟ್ಟುವುದಿಲ್ಲ ಎಂದು ಮಾತು ಕೊಟ್ಟು!

ಹೇಗೆ ಇಷ್ಟು ಖಾತ್ರಿ ಎನ್ನುತ್ತೀಯಾ? ಸಣ್ಣ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದೆ. ನನ್ನ ಓಣಿಯ ಗೋಡೆಯ ಚಿತ್ರಗಳು ಮುಗಿದ ಮೇಲೆ ಮೂರು ಚಿತ್ರ ಇದ್ದವು. ಒಂದರಲ್ಲಿ ಮಾಡಿನ ಜಂತಿ. ಒಂದರಲ್ಲಿ ದೊಡ್ಡದಾಗಿ ಹಳದಿ ಹೆಬ್ಬೆರಳು. ಮೂರನೆಯದನ್ನು ಇದರ ಜೊತೆ ದೊಡ್ಡದಾಗಿ ಮುದ್ರಿಸಿ ಕಳಿಸಿದ್ದೇನೆ. ಬಾಗಿಲ ಬೆಳಕಿನಲ್ಲಿ ಕೂತು, ಕ್ಯಾಮೆರಾವನ್ನು ಎರಡು ಕೈಯಲ್ಲಿ ತಮ್ಮ ಕಡೆ ತಿರುಗಿಸಿಕೊಂಡು, ಒಳಗೆ ಏನಿದೆ ಎಂದು ಲೆನ್ಸನ್ನೇ ನೋಡುತ್ತಾ ಎಲ್ಲೋ ಗುಂಡಿ ಒತ್ತಿದ್ದಾರೆ. ಒಂದು ಮೊಳದ ದೂರ. ಆ ಬಾಡಿ, ಆ ಲೆನ್ಸು ಸೇರಿ ನೋಡಬಲ್ಲುದು ಅಷ್ಟನ್ನೇ, ಅದನ್ನೇ ನೋಡಿವೆ. ಹಣೆಯ ಭಂಡಾರ, ಮೂಗಿನ ನತ್ತು, ಕಣ್ಣಿನಲ್ಲಿ ಬಾಗಿಲಿನ ಬೆಳಕು. ತುಟಿ ಅರೆ ತೆರೆದಿದೆ, ಏನೋ ಹೇಳುತ್ತಿದ್ದಾರೆ. ಒಂದೇ ಚಿತ್ರದಲ್ಲಿ ಮಾತು ಹಿಡಿಯಲು ನನ್ನಿಂದಲೂ ಆಗಲಿಲ್ಲ. ಇಷ್ಟು ವರ್ಷದಲ್ಲಿ ನನ್ನ ಕೈ ದಾಟಿದ ಕ್ಯಾಮೆರಾಗಳಲ್ಲಿ ಇಂಥ ಮುಖ ನಾನು ಕಂಡಿಲ್ಲ.

ಈಗ ನಿನ್ನ ಒಂಬತ್ತು ದಿನದ ಲೆಕ್ಕಕ್ಕೆ ಬರೋಣ. ಚಿತ್ರದ ತಾರೀಖು ೨೫ ಜೂನ್ ೨೦೧೨, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಗಡಿಯಾರ ನಾನೇ ಕೂರಿಸಿದ್ದು, ತಪ್ಪುವುದಿಲ್ಲ. ಆರು ತಿಂಗಳ ಮೇಲಾಯಿತು. ಹೋಗಿ ಅವರ ಪಕ್ಕ ಕೂತು ಈ ಫೋಟೋ ತೋರಿಸು. ಬೈಯಬೇಡ. ಕಾಕಾ ನಮಸ್ಕಾರ ಹೇಳಿದ್ದಾರೆ ಎನ್ನು.

ಬಾಡಿ ಒರೆಸಿಟ್ಟಿದ್ದೇನೆ. ತಾರವ್ವ ನನ್ನ ಮಣಿಕಟ್ಟು ಹಿಡಿದುಕೊಂಡಳು, ನಾನು ಒರೆಸಿದೆ. ಅಂಗಡಿ ಮುಚ್ಚುವುದಿಲ್ಲ.

ಮುತ್ತಪ್ಪ ಕಾಕಾ


ಮುಧೋಳ
೩ ಫೆಬ್ರುವರಿ ೨೦೧೩

ಕಾಕಾ,

ಇಬ್ಬರ ಕಾಗದವೂ ದಾರಿಯಲ್ಲಿ ಒಂದನ್ನೊಂದು ದಾಟಿದವು. ನನ್ನದು ಓದಿ ನೀವು ಎಷ್ಟು ನೊಂದಿರೋ. ಅಷ್ಟು ಖುಷಿಯಾಗಿ ಬರೆದದ್ದಕ್ಕೆ ಕ್ಷಮೆ ಕೇಳಿ ಇನ್ನೊಂದು ಕಾಗದ ಹಾಕಿದ್ದೀರಿ. ಕೇಳಬೇಡಿ. ಆ ಖುಷಿಯ ಕಾಗದವನ್ನೇ ನಾನು ದಿನಾ ಓದುತ್ತಿದ್ದೇನೆ.

ಅದು ಬಂದದ್ದು ಒಂಬತ್ತನೇ ದಿನದ ಮರುದಿನ. ಪೂನಮ್ ಲಕೋಟೆ ಒಡೆದಳು. ನಾನು ಅಂಗಳದಲ್ಲಿದ್ದೆ. ಆಮೇಲೆ ಒಳಗೆ ಹೋಗಿ ನೋಡಿದರೆ ಅವಳು ನೆಲದ ಮೇಲೆ ಕೂತು ಫೋಟೋವನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ನಾನು ಅವಳ ಹೆಗಲ ಮೇಲಿಂದ ನೋಡಿದೆ. ಅವ್ವ ನನ್ನನ್ನೇ ನೋಡುತ್ತಿದ್ದಳು. ಅಪ್ಪ ಸತ್ತಾಗಲೂ ನಾನು ಹಾಗೆ ಅತ್ತಿರಲಿಲ್ಲ.

ಪೂನಮ್‌ಗೆ ಎಲ್ಲ ಹೇಳಿದೆ, ಅನಸವ್ವತ್ತೆಯ ಮಾತು, ಒಂಬತ್ತು ದಿನದ ಅಂಜಿಕೆ, ಬ್ಯಾಟರಿಯ ಸುಳ್ಳು. ಅವಳು ನಿಮ್ಮ ಕಾಗದದಲ್ಲಿದ್ದ ತಾರೀಖಿನ ಮೇಲೆ ಬೆರಳಿಟ್ಟು ಕೈಬೆರಳಿನಲ್ಲಿ ಎಣಿಸಿದಳು. "ಆರು ತಿಂಗಳ ಇಪ್ಪತ್ತೊಂದು ದಿನಾ" ಎಂದಳು. "ಈ ಫೋಟೋ ಆದಮ್ಯಾಲ ಅಷ್ಟು ದಿನಾ ಅತ್ತಿ ನಮ್ಮ ಕೂಡ ಕುಂತು ಉಂಡಾಳ್ರಿ. ನೀವು ಆ ದಿನಾ ಎಲ್ಲಾ ಹೊಳೀ ದಂಡ್ಯಾಗ ಕಳದ್ರಿ."

ಅವಳು ಬೈದು ಹೇಳಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಅವ್ವನನ್ನು ಉಳಿಸಿಕೊಳ್ಳುತ್ತೇನೆ ಎಂದುಕೊಂಡು ಅವಳ ಎದುರಿಗೆ ಕೂರುವುದನ್ನೇ ಬಿಟ್ಟೆ. ಇದೊಂದು ನನಗೆ ಸಾಯುವತನಕ ಇರುತ್ತದೆ, ಇರಲಿ.

ಅವಳ ತುಟಿಯಲ್ಲಿದ್ದ ಮಾತು ನಿಮಗೆ ಸಿಗಲಿಲ್ಲ ಎಂದಿರಿ. ನಮಗೆ ಸಿಕ್ಕಿತು. ಭಂಡಾರ ಹಚ್ಚುವಾಗೆಲ್ಲ ಅವಳು ಒಂದೇ ಮಾತು ಹೇಳುತ್ತಿದ್ದಳು, ಟ್ರ್ಯಾಕ್ಟರಿಗಾಗಲಿ, ತೊಟ್ಟಿಲಿಗಾಗಲಿ: "ಬೀರಪ್ಪಾ, ಛಲೋತ್ನ್ಯಾಗ ಕಾಯಪಾ." ಆ ಹಳೆಯ ಬಾಡಿಗೂ ಅದನ್ನೇ ಹೇಳಿದ್ದಾಳೆ.

ಫೋಟೋಕ್ಕೆ ಕಟ್ಟು ಹಾಕಿಸಿ ಅಪ್ಪನ ಪಕ್ಕ ಹಾಕಿದ್ದೇವೆ. ಕೆನ್ನೆಯ ಹತ್ತಿರ ಎರಡು ಸಣ್ಣ ಚುಕ್ಕೆ ಇವೆ. ತೆಗೆಯಲೇ ಎಂದು ಚನಮಲ್ಲಪ್ಪ ಕೇಳಿದರು, ಬೇಡ ಎಂದೆ. ಕೆಳಗೆ ಯಾರು ತೆಗೆದದ್ದೆಂದು ಬರೆಯುವ ವಾಡಿಕೆ ಅವರದು. ಪೂನಮ್ ಹೇಳಿ ಬರೆಸಿದಳು, ಮಾಯವ್ವ ಎಂದು.

ಉಳಿದ ಮೂರು ಬಾಡಿ ಮಾರಿದ್ದೇನೆ. ಡಿ-೭೦ ಯಾರಿಗೂ ಕೊಡಬೇಡಿ, ಪಾರ್ಸಲ್ಲಿನಲ್ಲೂ ಹಾಕಬೇಡಿ. ಬರುವ ರವಿವಾರ ನಾವಿಬ್ಬರೂ ಬೆಳಗಿನ ಬಸ್ಸಿಗೆ ಕೊಲ್ಲಾಪುರಕ್ಕೆ ಬರುತ್ತೇವೆ. ಲೆನ್ಸು ನಾನು ತರುತ್ತೇನೆ. ಒಂದು ಚಿಟಿಕೆ ಭಂಡಾರ ಪೂನಮ್ ತರುತ್ತಾಳೆ, ಈ ಸಲ ಹೊರಗೆ ಹಚ್ಚುತ್ತಾಳಂತೆ. ತಾರವ್ವ ಕಾಕಿಗೆ ಒಳ್ಳೆಯ ಸೀರೆ ಉಡಲು ಹೇಳಿ. ಬಾಗಿಲ ಬೆಳಕಿನಲ್ಲಿ ಇಬ್ಬರೂ ಹತ್ತಿರ ಹತ್ತಿರ ಕೂರಬೇಕು. ಕೇಳಿಸಲಿಲ್ಲ ಎಂದು ನೀವು ನಾಟಕ ಮಾಡಲಾಗದು, ಬರೆದೇ ಕಳಿಸುತ್ತಿದ್ದೇನೆ.

ನಾನು ನಾಲ್ಕು ಹೆಜ್ಜೆಯ ಒಳಗೇ ಇರುತ್ತೇನೆ.

ಶಿವಪುತ್ರ